ಒಂದು ಹಾಳೆ, ಎಂಟು ಪುಟ: ಕೊಡಗಿನಲ್ಲಿ ನಿಮ್ಮದೇ ಕಾಮಿಕ್ಸ್ ಮಾಡಿ, ಅದಕ್ಕೊಂದು ಸಂತೆ ಸೇರಿಸಿ

ಕೊಡಗಿನ ಚಿತ್ರ ಅಂದ ಕೂಡಲೇ ಮಂಜು, ಜಲಪಾತ, ಹಬೆಯಾಡುವ ಕಾಫಿ ಲೋಟ ಕಣ್ಣ ಮುಂದೆ ಬರುತ್ತವೆ. ಅದು ರೆಸಾರ್ಟಿನವರ ಕೊಡಗು. ಬೆಳಿಗ್ಗೆ ಲೈನ್ ಮನೆಯಿಂದ ಬುತ್ತಿ ಹಿಡಿದು ತೋಟಕ್ಕೆ ಹೊರಡುವವರು, 'ಆನೆ ರೋಡಿನಲ್ಲಿದೆ, ಈಚೆ ಬರಬೇಡಿ' ಅಂತ ರಾತ್ರಿ ಫೋನಿಗೆ ಬರುವ ಮೆಸೇಜು, ಮರ ಬಿದ್ದು ನಾಲ್ಕು ದಿನ ಕರೆಂಟಿಲ್ಲದ ಮನೆ, ಇವು ಕೂಡ ಕೊಡಗೇ ಅಲ್ವಾ? ಇವನ್ನು ಬರೆಯಬೇಕಾದವರು ಇಲ್ಲೇ ಬದುಕುವ ನಾವು. ಬರೆಯಲು ಕಾಮಿಕ್ಸಿಗಿಂತ ಅಗ್ಗದ, ಕೈಗೆ ಸಿಗುವ ದಾರಿ ನನಗೆ ಕಂಡಿಲ್ಲ.

ಪ್ರಕಾಶಕರು ಬೇಡ, ಕಂಪನಿ ಬೇಡ. ಒಂದು ಎ4 ಹಾಳೆ, ಒಂದು ಪೆನ್ನು, ಹತ್ತಿರದ ಜೆರಾಕ್ಸ್ ಅಂಗಡಿ ಸಾಕು. ಹೀಗೆ ಬರೆದವರೇ ಅಚ್ಚು ಹಾಕಿಸಿ, ಬರೆದವರೇ ಕೈಯಾರೆ ಕೊಡುವ ಪುಸ್ತಕವನ್ನು ಸ್ವತಂತ್ರ ಕಾಮಿಕ್ಸ್ ಅನ್ನುತ್ತಾರೆ. ಪುಟ್ಟದಾಗಿದ್ದರೆ ಝೀನ್ ಅನ್ನುತ್ತಾರೆ. ಅದನ್ನು ಮಾಡುವುದು ಹೇಗೆ, ಮಾಡಿದವರೆಲ್ಲ ಒಂದು ದಿನ ಒಂದು ಕಡೆ ಸೇರಿ ಕಾಮಿಕ್ಸ್ ಸಂತೆ ಮಾಡುವುದು ಹೇಗೆ, ಎರಡನ್ನೂ ಇಲ್ಲಿ ಹೇಳುತ್ತೇನೆ.

ಮೊದಲು ದಿನಾಂಕ ಗೊತ್ತು ಮಾಡಿ

ಪುಸ್ತಕ ಮುಗಿಯಲಿ, ಆಮೇಲೆ ಸಂತೆ ಮಾಡೋಣ ಅಂದುಕೊಂಡರೆ ಪುಸ್ತಕ ಮುಗಿಯುವುದೇ ಇಲ್ಲ. ನಾನು ಎರಡು ವರ್ಷ ಹೀಗೆ ಕಳೆದಿದ್ದೇನೆ. ದಿನ ಗೊತ್ತಾಗಿ, ನಾಲ್ಕು ಜನ ಒಪ್ಪಿಕೊಂಡು, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ಮೇಲೆಯೇ ಕೈ ಓಡುತ್ತದೆ.

ನಮ್ಮ ಜಿಲ್ಲೆಯಲ್ಲಿ ದಿನ ಹುಡುಕುವುದೇ ಒಂದು ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಆ ತಿಂಗಳುಗಳನ್ನು ಬಿಟ್ಟುಬಿಡಿ. ಮಡಿಕೇರಿ ದಸರಾ, ಗೋಣಿಕೊಪ್ಪ ದಸರಾ ಮುಗಿಯುವ ತನಕ ಯಾರೂ ಕೈಗೆ ಸಿಗುವುದಿಲ್ಲ. ಅಕ್ಟೋಬರ್ 17ರ ಹೊತ್ತಿಗೆ ತಲಕಾವೇರಿಯಲ್ಲಿ ತೀರ್ಥೋದ್ಭವ. ನವೆಂಬರ್ ಕೊನೆಗೋ ಡಿಸೆಂಬರಿಗೋ ಹುತ್ತರಿ. ಅರೇಬಿಕಾ ಹಣ್ಣಾಗಿ ಕೊಯ್ಲು ಶುರುವಾದರೆ ತೋಟದವರು, ಕೆಲಸದವರು ಇಬ್ಬರಿಗೂ ಪುರುಸೊತ್ತಿಲ್ಲ. ಅದು ಮುಗಿಯುವ ಹೊತ್ತಿಗೆ ರೋಬಸ್ಟಾ ಬರುತ್ತದೆ, ಮಾರ್ಚ್ ತನಕ ಅದೇ ಕೆಲಸ. ಮಾರ್ಚಿನಲ್ಲಿ ಮಕ್ಕಳಿಗೆ ಪರೀಕ್ಷೆ. ಏಪ್ರಿಲ್, ಮೇ ತಿಂಗಳಲ್ಲಿ ಮದುವೆ ಮತ್ತು ಕೊಡವ ಮನೆತನಗಳ ಹಾಕಿ ಹಬ್ಬ.

ಇಷ್ಟೆಲ್ಲ ಕಳೆದರೆ ಉಳಿಯುವುದು ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಮಧ್ಯದವರೆಗಿನ ಸಣ್ಣ ಸಂದು. ದೀಪಾವಳಿ ಯಾವತ್ತು ಬರುತ್ತದೆ ನೋಡಿಕೊಂಡು ಅದರಲ್ಲಿ ಒಂದು ಶನಿವಾರ ಹಿಡಿಯಿರಿ. ಆಗಲೂ ಸಂಜೆ ಮಳೆ ಬರಬಹುದು, ಹಾಗಾಗಿ ತಲೆ ಮೇಲೆ ಸೂರು ಬೇಕೇ ಬೇಕು. ಮಡಿಕೇರಿಯಲ್ಲಿ ಮಾಡುವುದಾದರೆ ಶುಕ್ರವಾರವೂ ಕೆಟ್ಟದಲ್ಲ. ಅವತ್ತು ಊರಿನ ಸಂತೆ, ಸುತ್ತಲಿನ ಹಳ್ಳಿಯವರು ಹೇಗೂ ಪೇಟೆಗೆ ಬಂದಿರುತ್ತಾರೆ. ಶನಿವಾರಸಂತೆಯವರಿಗೆ ಹೆಸರಿನಲ್ಲೇ ದಿನ ಇದೆ.

ಗೊತ್ತು ಮಾಡಿದ ದಿನದಿಂದ ಏಳು ವಾರ ಹಿಂದಕ್ಕೆ ಎಣಿಸಿ. ಮೂರು ವಾರ ಕಥೆಗೆ ಮತ್ತು ಪೆನ್ಸಿಲ್ ಕೆಲಸಕ್ಕೆ, ಎರಡು ವಾರ ಶಾಯಿಗೆ, ಒಂದು ವಾರ ಜೆರಾಕ್ಸಿಗೆ, ಕೊನೆಯ ವಾರ ಏನಾದರೂ ಎಡವಟ್ಟಾದರೆ ಸರಿ ಮಾಡಿಕೊಳ್ಳಲಿಕ್ಕೆ. ಆ ಕೊನೆಯ ವಾರವನ್ನು ದಯವಿಟ್ಟು ಬೇರೆ ಯಾವುದಕ್ಕೂ ಕೊಡಬೇಡಿ.

ಏನು ಬರೆಯುವುದು

ಮನೆಯಲ್ಲಿ ಒಂದು ವಸ್ತು ಹುಡುಕಿ. ವಸ್ತು ಸಿಕ್ಕಿದರೆ ಕಥೆ ಅದರ ಹಿಂದೆಯೇ ಬರುತ್ತದೆ. ನನ್ನ ಮೊದಲ ಪುಸ್ತಕ ಹುಟ್ಟಿದ್ದು ಅಜ್ಜನ ಮಳೆ ಡೈರಿಯಿಂದ.

ಕೊಡಗಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೋಟ ಇರುವ ಮನೆಗಳಲ್ಲಿ ಅಂಗಳದ ಮೂಲೆಯಲ್ಲಿ ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಎದ್ದು, ನೀರನ್ನು ಅಳತೆ ಗ್ಲಾಸಿಗೆ ಸುರಿದು, ಇಂಚು–ಸೆಂಟು ಲೆಕ್ಕದಲ್ಲಿ ಬರೆದಿಡುತ್ತಾರೆ. ನೂರು ಸೆಂಟು ಸೇರಿದರೆ ಒಂದು ಇಂಚು. ಪಕ್ಕದ ತೋಟದವರು ಫೋನ್ ಮಾಡಿದರೆ ಆರೋಗ್ಯ ವಿಚಾರಿಸುವ ಮೊದಲು 'ನಿಮ್ಮಲ್ಲಿ ಎಷ್ಟು ಬಂತು?' ಅನ್ನುತ್ತಾರೆ. ಕಾಫಿ ಹೂ ಅರಳಿಸುವ ಮಾರ್ಚಿನ ಹೂಮಳೆಗಂತೂ ಆ ಪ್ರಶ್ನೆಯಲ್ಲಿ ಇಡೀ ವರ್ಷದ ಫಸಲೇ ಅಡಗಿರುತ್ತದೆ.

ಅಜ್ಜನ ಡೈರಿಯಲ್ಲಿ ದಿನಕ್ಕೊಂದು ಸಾಲು. 'ಒಂದು ಇಂಚು ನಲವತ್ತು ಸೆಂಟು.' 'ಇಲ್ಲ.' 'ಹನಿ ಮಾತ್ರ.' 2018ರ ಆಗಸ್ಟ್ ಮಧ್ಯದಲ್ಲಿ ಮೂರು ದಿನ ಖಾಲಿ. ಗುಡ್ಡ ಜರಿದು ಮನೆ ಬಿಟ್ಟು ಬಂದಿದ್ದ ಆ ದಿನಗಳಲ್ಲಿ ಅಳೆಯಲು ಅಲ್ಲಿ ಯಾರೂ ಇರಲಿಲ್ಲ. ನಾಲ್ಕನೇ ದಿನದ ಸಾಲಿನಲ್ಲಿ ಪೆನ್ನು ಬೇರೆ, ಅಕ್ಷರ ಸ್ವಲ್ಪ ನಡುಗಿದೆ. ಆ ಮೂರು ಖಾಲಿ ಗೆರೆಗಳನ್ನು ನೋಡಿದಾಗ ಇದು ಚಿತ್ರದಲ್ಲಿ ಮಾತ್ರ ಹೇಳಬಹುದಾದ ವಿಷಯ ಅನಿಸಿತು. ಬರಹದಲ್ಲಾದರೆ 'ಪುಟ ಖಾಲಿ ಇತ್ತು' ಅಂತ ಬರೆಯಬೇಕು. ಕಾಮಿಕ್ಸಿನಲ್ಲಿ ಖಾಲಿ ಪುಟವನ್ನೇ ಓದುವವರ ಕೈಗೆ ಕೊಡಬಹುದು.

ಎಂಟು ಪುಟಕ್ಕೆ ಅದನ್ನು ಹಂಚಿದ್ದು ಹೀಗೆ. ಒಂದನೇ ಪುಟ ರಕ್ಷಾಪುಟ, ಅದರಲ್ಲಿ ಬರೀ ಮಳೆಮಾಪಕ. ಎರಡರಲ್ಲಿ ಅಜ್ಜ ಕೊಡೆ ಬಿಡಿಸಿ ಅಂಗಳಕ್ಕೆ ಇಳಿಯುತ್ತಾರೆ. ಮೂರರಲ್ಲಿ ಗ್ಲಾಸು ಕಣ್ಣಿನ ಮಟ್ಟಕ್ಕೆ. ನಾಲ್ಕರಲ್ಲಿ ಡೈರಿಯ ಸಾಲು. ಐದರಲ್ಲಿ ಕಪಾಟಿನ ತುಂಬ ಹಳೆಯ ಡೈರಿಗಳು. ಆರನೇ ಪುಟ ಖಾಲಿ, ಮೂರು ತಾರೀಕು ಮಾತ್ರ. ಏಳರಲ್ಲಿ ಅಳೆಯುವ ಕೈ ನನ್ನದು, ಪಕ್ಕದಲ್ಲಿ ಕುರ್ಚಿ ಹಾಕಿ ಕೂತ ಅಜ್ಜ 'ಎಷ್ಟು?' ಅನ್ನುತ್ತಾರೆ. ಎಂಟು ಹಿಂಬದಿ ಪುಟ: ಹೆಸರು, ಊರು, ವರ್ಷ, ಬೆಲೆ.

ನಿಮ್ಮ ಮನೆಯಲ್ಲಿ ಅದು ಕೊಡವರ ಒಡಿಕತ್ತಿ ಇರಬಹುದು, ಕಾಫಿ ಕೊಯ್ಯುವ ಬುಟ್ಟಿ ಇರಬಹುದು, ಸೋಲಾರ್ ಬೇಲಿಯ ಬ್ಯಾಟರಿ ಇರಬಹುದು. ದೊಡ್ಡ ವಿಷಯ ಹುಡುಕಿಕೊಂಡು ಹೋಗಬೇಡಿ. ಒರಿಜಿತ್ ಸೇನ್ 1994ರಲ್ಲಿ ನರ್ಮದೆಯ ಅಣೆಕಟ್ಟಿನ ಬಗ್ಗೆ ಕಾಮಿಕ್ಸ್ ಮಾಡಿದರು, ಅದನ್ನು ನಮ್ಮ ದೇಶದ ಮೊದಲ ಗ್ರಾಫಿಕ್ ಕಾದಂಬರಿ ಎಂದು ಕರೆಯುವವರಿದ್ದಾರೆ. ಅಷ್ಟು ದೊಡ್ಡ ವಿಷಯಕ್ಕೂ ಅವರು ಹೋದದ್ದು ಆ ಕಣಿವೆಯ ಜನರ ಹತ್ತಿರ, ಅವರ ಹಾಡು–ಕಥೆಗಳ ಹತ್ತಿರ.

ಬೇರೆಯವರ ಕಥೆಯನ್ನು ಕಾಮಿಕ್ಸ್ ಮಾಡುವ ಆಸೆ ಇದ್ದರೆ ಹಕ್ಕಿನ ಲೆಕ್ಕ ಗೊತ್ತಿರಲಿ. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡು 60 ವರ್ಷ ಕಳೆಯುವ ತನಕ ಹಕ್ಕು ಅವರ ಕಡೆಯವರದು. ಕಥೆಗಾರ್ತಿ ಕೊಡಗಿನ ಗೌರಮ್ಮ ತೀರಿಕೊಂಡದ್ದು 1939ರಲ್ಲಿ, 27ರ ಪ್ರಾಯದಲ್ಲಿ. ಅವರ ಕಥೆಗಳ ಹಕ್ಕಿನ ಅವಧಿ ಯಾವತ್ತೋ ಮುಗಿದಿದೆ. ಮಡಿಕೇರಿಯಲ್ಲಿ ಹುಟ್ಟಿದ ಆ ಹೆಣ್ಣುಮಗಳ ಒಂದು ಕಥೆಯನ್ನು ಮಡಿಕೇರಿಯ ಈಗಿನ ಹುಡುಗಿಯೊಬ್ಬಳು ಚಿತ್ರದಲ್ಲಿ ಹೇಳಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ನೀವು ಬರೆದ ಚಿತ್ರದ ಹಕ್ಕು ಬರೆದ ಕ್ಷಣದಿಂದಲೇ ನಿಮ್ಮದು. ನೋಂದಣಿ ಮಾಡಿಸಲೇಬೇಕು ಅಂತಿಲ್ಲ.

ಕಾನೂನಿಗಿಂತ ಮುಖ್ಯವಾದದ್ದು ಇನ್ನೊಂದಿದೆ. ನಮ್ಮದು ಚಿಕ್ಕ ಜಿಲ್ಲೆ. ಮನೆ ಹೆಸರು ಬರೆದರೆ ಸಾಕು, ಯಾವ ನಾಡು, ಯಾವ ಊರು, ಯಾರ ಮಗ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಜಗಳದ ಕಥೆ, ಕಾಯಿಲೆಯ ಕಥೆ, ಸಾಲದ ಕಥೆ ಬರೆಯುವಾಗ ಮನೆ ಹೆಸರು ಬದಲಾಯಿಸಿ. ಅಷ್ಟು ಮಾಡಿಯೂ ಆ ಮನೆಯವರಿಗೆ ಮೊದಲು ತೋರಿಸಿ. ದೇವರಕಾಡು, ತೆರೆ (ದೈವ ಕಟ್ಟುವ ಆಚರಣೆ) ಇಂಥವನ್ನು ಬರೆಯುವ ಮೊದಲು ಅದನ್ನು ನಡೆಸಿಕೊಂಡು ಬಂದವರನ್ನು ಕೇಳಿ. 'ಬೇಡ' ಅಂದರೆ ಬಿಡಿ. ಬರೆಯಲು ಬೇರೆ ಸಾವಿರ ವಿಷಯ ಇದೆ.

ಮಾತು ಯಾವ ಭಾಷೆಯಲ್ಲಿರಬೇಕು? ನಿಮ್ಮ ಪಾತ್ರ ಮನೆಯಲ್ಲಿ ಆಡುವ ಭಾಷೆಯಲ್ಲಿ. ಕೊಡವ ತಕ್ಕ್, ಅರೆಭಾಷೆ, ಯರವರ ಮಾತು, ಬ್ಯಾರಿ, ತುಳು, ಏನಿದ್ದರೂ ಕನ್ನಡ ಲಿಪಿಯಲ್ಲಿ ಹಾಗೇ ಬರೆಯಿರಿ. ಅರ್ಥ ಬೇಕಾದರೆ ಪುಟದ ಕೆಳಗೆ ಸಣ್ಣದಾಗಿ ಕೊಡಿ. ಅಜ್ಜಿಯ ಬಾಯಲ್ಲಿ ಪಠ್ಯಪುಸ್ತಕದ ಕನ್ನಡ ಹಾಕಿದರೆ ಆ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅಜ್ಜಿ ಅದರಲ್ಲಿ ಇರುವುದಿಲ್ಲ.

ಹಾಳೆ ಮಡಚುವುದು

ಈಗ ಕೈ ಕೆಲಸ. ಒಂದು ಖಾಲಿ ಎ4 ಹಾಳೆ ತೆಗೆದುಕೊಂಡು ಓದುತ್ತಾ ಮಾಡಿ.

ಹಾಳೆಯನ್ನು ಅಡ್ಡಲಾಗಿ ಇಡಿ, ಉದ್ದದ ಬದಿ ನಿಮ್ಮ ಕಡೆಗಿರಲಿ. ಕೆಳಗಿನ ಅಂಚನ್ನು ಮೇಲಿನ ಅಂಚಿಗೆ ತಂದು ಮಡಚಿ, ಉಗುರಿನಿಂದ ಒತ್ತಿ, ಬಿಡಿಸಿ. ಈಗ ಎಡ ಅಂಚನ್ನು ಬಲ ಅಂಚಿಗೆ ತಂದು ಮಡಚಿ, ಬಿಡಿಸಿ. ಎರಡು ಬದಿಯ ಅಂಚುಗಳನ್ನೂ ನಡುಗೆರೆಗೆ ತಂದು ಮಡಚಿ, ಬಿಡಿಸಿ. ಹಾಳೆಯ ಮೇಲೆ ಎಂಟು ಮನೆ ಕಾಣಬೇಕು, ಮೇಲೆ ನಾಲ್ಕು, ಕೆಳಗೆ ನಾಲ್ಕು.

ಮತ್ತೆ ಎಡದಿಂದ ಬಲಕ್ಕೆ ಅರ್ಧ ಮಡಚಿ. ಮಡಿಕೆ ಇರುವ ಬದಿಯಿಂದ, ನಡುವಿನ ಅಡ್ಡಗೆರೆಯ ಮೇಲೆ, ಮುಂದಿನ ಮಡಿಕೆ ಸಿಗುವ ತನಕ ಮಾತ್ರ ಕತ್ತರಿಸಿ. ಬಿಡಿಸಿದರೆ ಹಾಳೆಯ ಹೊಟ್ಟೆಯಲ್ಲಿ ಒಂದು ಸೀಳು ಕಾಣುತ್ತದೆ. ಈಗ ಮೊದಲು ಮಾಡಿದ ಉದ್ದದ ಮಡಿಕೆಯಂತೆ ಮಡಚಿ, ಎರಡು ತುದಿ ಹಿಡಿದು ಒಳಕ್ಕೆ ತಳ್ಳಿ. ಸೀಳು ಬಾಯಿ ಬಿಟ್ಟು, ಮೇಲಿಂದ ನೋಡಿದರೆ ಕೂಡಿಸುವ ಗುರುತಿನ ಹಾಗೆ ಕಾಣುತ್ತದೆ. ನಾಲ್ಕು ರೆಕ್ಕೆಗಳನ್ನು ಒಂದೇ ಕಡೆಗೆ ಸುತ್ತಿದರೆ ಪುಸ್ತಕ ಸಿದ್ಧ. ಪಿನ್ನಿಲ್ಲ, ಅಂಟಿಲ್ಲ. ಪ್ರತಿ ಪುಟ ಸುಮಾರು 74 ಮಿ.ಮೀ. ಅಗಲ, 105 ಮಿ.ಮೀ. ಎತ್ತರ, ಅಂಗಿ ಜೇಬಿಗೆ ಹೋಗುವ ಅಳತೆ.

ಈ ಖಾಲಿ ಪುಸ್ತಕದಲ್ಲಿ ಪೆನ್ಸಿಲಿನಿಂದ ಒಂದರಿಂದ ಎಂಟು ಅಂತ ಪುಟಸಂಖ್ಯೆ ಬರೆದು ಬಿಡಿಸಿ. ಕೆಳಸಾಲಿನಲ್ಲಿ ಎಡದಿಂದ 6, 7, 8, 1 ನೆಟ್ಟಗೆ ಇರುತ್ತವೆ. ಮೇಲುಸಾಲಿನಲ್ಲಿ 5, 4, 3, 2 ತಲೆಕೆಳಗಾಗಿರುತ್ತವೆ. ಬಾಯಿಪಾಠ ಮಾಡುವುದು ಬೇಡ, ಈ ಹಾಳೆಯನ್ನೇ ಮೇಜಿನ ಎದುರು ಅಂಟಿಸಿಕೊಳ್ಳಿ.

ಚಿತ್ರ, ಅಕ್ಷರ

ಬರೆಯುವುದಕ್ಕೆ ಎ3 ಹಾಳೆ ಒಳ್ಳೆಯದು. ಜೆರಾಕ್ಸಿನಲ್ಲಿ ಶೇಕಡಾ 71ಕ್ಕೆ ಇಳಿಸಿದರೆ ಅದು ಸರಿಯಾಗಿ ಎ4 ಆಗುತ್ತದೆ. ಕೈ ನಡುಕ, ಸಣ್ಣಪುಟ್ಟ ಕೊಂಕು ಎಲ್ಲ ಚಿಕ್ಕದಾಗಿ ಗೆರೆ ಬಿಗಿಯಾಗಿ ಕಾಣುತ್ತದೆ. ಆದರೆ ಅಕ್ಷರವೂ ಚಿಕ್ಕದಾಗುತ್ತದೆ, ನೆನಪಿರಲಿ. ಅಚ್ಚಿನಲ್ಲಿ 4 ಮಿ.ಮೀ. ಬೇಕಿದ್ದರೆ ಎ3ಯಲ್ಲಿ ಆರು ಮಿ.ಮೀ.ಗೆ ಹತ್ತಿರ ಬರೆಯಬೇಕು. ಒಂದು ಪುಟಕ್ಕೆ ಚಿತ್ರದ ಚೌಕ ಒಂದು ಅಥವಾ ಎರಡು ಸಾಕು. ಜಾಸ್ತಿ ತುರುಕಬೇಡಿ.

ಮೊದಲು ಮಾತು ಬರೆಯಿರಿ, ಆಮೇಲೆ ಅದರ ಸುತ್ತ ಗುಳ್ಳೆ ಎಳೆಯಿರಿ, ಕೊನೆಗೆ ಚಿತ್ರ. ಹೊಸಬರು ಇದನ್ನು ತಿರುವುಮುರುವು ಮಾಡುತ್ತಾರೆ. ಗುಳ್ಳೆ ಮೊದಲು ಬರೆದು, ಮಾತು ಹಿಡಿಸದೆ, ಕೊನೆಯ ಪದವನ್ನು ಅಂಚಿಗೆ ಒತ್ತಿ ಬರೆಯುತ್ತಾರೆ. ಕನ್ನಡದಲ್ಲಿ ಇದು ಇನ್ನೂ ಕಷ್ಟ, ಯಾಕೆಂದರೆ ನಮ್ಮ ಅಕ್ಷರ ಕೆಳಕ್ಕೂ ಬೆಳೆಯುತ್ತದೆ. ಒತ್ತಕ್ಷರಕ್ಕೆ ಸಾಲಿನ ಕೆಳಗೆ ಜಾಗ ಬೇಕು, ಕೊಂಬು–ದೀರ್ಘಕ್ಕೆ ಬಲಗಡೆ ಜಾಗ ಬೇಕು. ಇಂಗ್ಲಿಷ್ ಕಾಮಿಕ್ಸ್ ನೋಡಿ ಗುಳ್ಳೆಯ ಅಳತೆ ಕಲಿತರೆ ಕನ್ನಡ ಅದರೊಳಗೆ ಉಸಿರುಗಟ್ಟುತ್ತದೆ. ಎರಡು ಸಾಲಿನ ನಡುವೆ ಅಕ್ಷರದ ಎತ್ತರದಷ್ಟೇ ಜಾಗ ಬಿಡಿ.

ಒತ್ತಿನ ವಿಷಯದಲ್ಲಿ ನನಗಾದ ಒಂದು ನಷ್ಟ ಹೇಳಿಬಿಡುತ್ತೇನೆ. ಮೇಲೆ ಹೇಳಿದ ಮಡಿಕೆಯಲ್ಲಿ ಎಲ್ಲ ಎಂಟು ಪುಟಗಳ ತಲೆ ಹಾಳೆಯ ನಡುಗೆರೆಯ ಕಡೆಗೆ, ಬುಡ ಹಾಳೆಯ ಹೊರ ಅಂಚಿಗೆ ಬರುತ್ತದೆ. ಜೆರಾಕ್ಸ್ ಯಂತ್ರ ಅಂಚಿನ ತನಕ ಮುದ್ರಿಸುವುದಿಲ್ಲ, ಸುತ್ತ ಮೂರು–ನಾಲ್ಕು ಮಿ.ಮೀ. ಬಿಟ್ಟುಬಿಡುತ್ತದೆ. ಇದು ಗೊತ್ತಿಲ್ಲದೆ ನಾನು ಪುಟದ ತಳಕ್ಕೆ ಅಂಟಿಸಿ ಮಾತು ಬರೆದಿದ್ದೆ. ಐವತ್ತು ಪ್ರತಿ ತೆಗೆಸಿ, ಮನೆಗೆ ತಂದು ಮಡಚುವಾಗ ನೋಡಿದರೆ ಪ್ರತಿ ಪುಟದ ಕೊನೆಯ ಸಾಲಿನ ಒತ್ತುಗಳೇ ಇಲ್ಲ. 'ಅಪ್ಪ' ಹೋಗಿ 'ಅಪ' ಆಗಿತ್ತು, 'ಅಜ್ಜ' ಹೋಗಿ 'ಅಜ'. ಅವತ್ತು ರಾತ್ರಿ ಐವತ್ತು ಪುಸ್ತಕಕ್ಕೂ ನನ್ನ ತಂಗಿ ಮತ್ತು ನಾನು ಕೂತು ಪೆನ್ನಿನಲ್ಲಿ ಒತ್ತು ಬರೆದೆವು. ಎ4 ಅಳತೆಯಲ್ಲಿ ಸುತ್ತ ಕನಿಷ್ಠ 6 ಮಿ.ಮೀ. ಅಂಚು ಬಿಡಿ. ಬುಡದಲ್ಲಿ ಎಂಟು ಬಿಟ್ಟರೂ ನಷ್ಟವಿಲ್ಲ.

ಶಾಯಿ ನೀರಿಗೆ ಹರಡದಂಥದ್ದು ಬೇಕು. ಸಾಮಾನ್ಯ ಜೆಲ್ ಪೆನ್ನಿನಲ್ಲಿ ಬರೆದು, ಗಾಳಿಯಲ್ಲೇ ತೇವ ಇರುವ ನಮ್ಮ ಊರಿನಲ್ಲಿ ರಾತ್ರಿ ಹಾಗೇ ಬಿಟ್ಟರೆ ಗೆರೆ ಮೀಸೆ ಬಿಡುತ್ತದೆ. ಅಂಗಡಿಯಲ್ಲಿ 'ವಾಟರ್‌ಪ್ರೂಫ್' ಅಂತ ಕೇಳಿ ತೆಗೆದುಕೊಳ್ಳಿ. ಬರೆದ ಹಾಳೆಯನ್ನು ಪ್ಲಾಸ್ಟಿಕ್ ಫೈಲಿನಲ್ಲಿ ಮಟ್ಟಸವಾಗಿ ಇಡಿ, ಸುರುಳಿ ಸುತ್ತಬೇಡಿ.

ಫೋನಿನಲ್ಲೋ ಟ್ಯಾಬಿನಲ್ಲೋ ಬರೆಯುವವರು ಶುರುವಿನಲ್ಲೇ ಎ4 ಅಳತೆ, 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಅನ್ನುವ ಲೆಕ್ಕ) ಇಟ್ಟುಕೊಳ್ಳಿ. ಬರೀ ಗೆರೆಯ ಕೆಲಸವಾದರೆ 600. ಅಕ್ಷರಕ್ಕೆ ಬಲೂ ತಮ್ಮ, ಅಕಾಯ ಕನಡಕದಂಥ ಉಚಿತ ಫಾಂಟುಗಳಿವೆ. ಆದರೂ ಕೈಬರಹವೇ ಚಂದ ಅನ್ನುವುದು ನನ್ನ ಅಭಿಪ್ರಾಯ. ಚಿತ್ರ ಒಬ್ಬರ ಕೈಯದು, ಅಕ್ಷರ ಮಾತ್ರ ಕಂಪ್ಯೂಟರಿನದು ಅಂದರೆ ಎರಡೂ ಒಂದು ಮನೆಯವರ ಹಾಗೆ ಕಾಣುವುದಿಲ್ಲ. ಅಂಗಡಿಗೆ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ, ಇಲ್ಲದಿದ್ದರೆ ಅವರ ಕಂಪ್ಯೂಟರಿನಲ್ಲಿ ಕನ್ನಡ ಚೆಲ್ಲಾಪಿಲ್ಲಿಯಾಗುತ್ತದೆ. ವಾಟ್ಸ್ಯಾಪಿನಲ್ಲಿ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ.

ಅಂಗಡಿಯಲ್ಲಿ

ಬೆಳಿಗ್ಗೆ, ಜನ ಕಡಿಮೆ ಇರುವಾಗ ಹೋಗಿ. ಶಾಲೆ ಬಿಡುವ ಹೊತ್ತಿಗೆ ಹೋದರೆ ಯಾರಿಗೂ ನಿಮ್ಮ ಪುಸ್ತಕ ನೋಡಲು ಪುರುಸೊತ್ತಿರುವುದಿಲ್ಲ. ಮೊದಲು ಒಂದೇ ಪ್ರತಿ ತೆಗೆಸಿ. ಅಲ್ಲೇ ಮಡಚಿ, ಅಲ್ಲೇ ಕತ್ತರಿಸಿ, ಅಲ್ಲೇ ಓದಿ. ಕಪ್ಪು ತುಂಬಿದ ಜಾಗ ಬೂದಿಯಾಗಿ ಬಂದರೆ ಸ್ವಲ್ಪ ಗಾಢ ಮಾಡಲು ಹೇಳಿ. ಸರಿ ಅನಿಸಿದ ಮೇಲೆ ಮೂವತ್ತು ತೆಗೆಸಿ. ಮೊದಲ ಸಲಕ್ಕೆ ಮೂವತ್ತು ಸಾಕು, ಖಾಲಿಯಾದರೆ ಮತ್ತೆ ತೆಗೆಸಬಹುದು. 80 ಜಿಎಸ್‌ಎಂ ಕಾಗದ ಕೇಳಿ. ಅದಕ್ಕಿಂತ ದಪ್ಪವಾದರೆ ಈ ಮಡಿಕೆ ಕೂರುವುದಿಲ್ಲ. ಬಣ್ಣದ ಹಾಳೆಯ ಮೇಲೆ ಕಪ್ಪು ಮುದ್ರಿಸಿದರೆ ಕಡಿಮೆ ಖರ್ಚಿನಲ್ಲಿ ಪುಸ್ತಕಕ್ಕೆ ಕಳೆ ಬರುತ್ತದೆ.

ಎಂಟು ಪುಟ ಸಾಲದು ಅನ್ನುವವರು ಎ4 ಹಾಳೆಗಳನ್ನು ಅರ್ಧ ಮಡಚಿ, ಬೆನ್ನಿಗೆ ಎರಡು ಪಿನ್ನು ಹೊಡೆದು ಪುಸ್ತಕ ಮಾಡಬಹುದು. ಪುಟಗಳು ನಾಲ್ಕರ ಲೆಕ್ಕದಲ್ಲಿರಲಿ: 12, 16, 20. ಉದ್ದ ಕೈಯ ಸ್ಟೇಪ್ಲರ್ ಸಿಗದಿದ್ದರೆ ಸೂಜಿ, ದಪ್ಪ ನೂಲು.

ಸಂತೆ

ದೊಡ್ಡ ಕಾಮಿಕ್ಸ್ ಮೇಳಗಳ ಬಗ್ಗೆ ನೀವು ಕೇಳಿರಬಹುದು. ಕಾಮಿಕ್ ಕಾನ್ 2011ರಲ್ಲಿ ದೆಹಲಿಯಲ್ಲಿ ಶುರುವಾಗಿ ಬೆಂಗಳೂರಿಗೂ ಬಂತು. ಅಲ್ಲಿ ವೇಷ, ಆಟಿಕೆ, ಸಿನಿಮಾ ಎಲ್ಲ ಇರುತ್ತದೆ. ಅದು ಬೇರೆ ಜಾತ್ರೆ. ನನಗೆ ದಾರಿ ತೋರಿಸಿದ್ದು ಟೋಕಿಯೋದ ಕಾಮಿಕೆಟ್ ಅನ್ನುವ ಸ್ವತಂತ್ರ ಕಾಮಿಕ್ಸ್ ಸಂತೆ. 1975ರ ಡಿಸೆಂಬರ್ 21ರಂದು ಮೊದಲ ಸಲ ಸೇರಿದಾಗ ಅಲ್ಲಿದ್ದದ್ದು 32 ಗುಂಪು, ಬಂದವರು ಸುಮಾರು 700 ಜನ. ಈಗ ಲಕ್ಷಗಟ್ಟಲೆ ಜನ ಬರುತ್ತಾರೆ. ಆದರೂ ಇವತ್ತಿಗೂ ಅಲ್ಲಿ ಒಂದು ಮಾತು ಉಳಿದಿದೆ: ಮೇಜಿನ ಆಚೆ ಕೂತವರು, ಈಚೆ ನಿಂತವರು, ಬಾಗಿಲಲ್ಲಿ ಕೆಲಸ ಮಾಡುವವರು, ಎಲ್ಲರೂ ಪಾಲುಗಾರರೇ. ಗಿರಾಕಿ ಅಂತ ಯಾರೂ ಇಲ್ಲ.

ನಮ್ಮ ಸಂತೆಗೆ 32 ಗುಂಪು ಬೇಡ. ಹತ್ತು ಮೇಜು ಸಾಕು.

ಜಾಗಕ್ಕೆ ಮೊದಲು ಗ್ರಂಥಾಲಯ ಕೇಳಿ, ಆಮೇಲೆ ಶಾಲೆಯ ಹಾಲ್. ಸಮಾಜದ ಕಲ್ಯಾಣ ಮಂಟಪಗಳು ಚೆನ್ನಾಗಿರುತ್ತವೆ, ಆದರೆ ಬಾಡಿಗೆ ನಮ್ಮ ಕೈಗೆ ನಿಲುಕುವುದು ಕಷ್ಟ, ಹತ್ತು ಮೇಜು ಅಲ್ಲಿ ಕಳೆದುಹೋದ ಹಾಗೆ ಕಾಣುತ್ತದೆ. ಜಾಗ ನೋಡಲು ಹೋದಾಗ ಮೂರು ವಿಷಯ ಗಮನಿಸಿ: ಹಗಲು ಬೆಳಕು ಎಷ್ಟಿದೆ, ಫೋನಿಗೆ ಸಿಗ್ನಲ್ ಇದೆಯಾ, ಕೊನೆಯ ಬಸ್ಸು ಎಷ್ಟು ಗಂಟೆಗೆ. ಮೂರನೆಯದನ್ನು ಮರೆತರೆ ಸೋಮವಾರಪೇಟೆ ಕಡೆಯಿಂದ, ನಾಪೋಕ್ಲು ಕಡೆಯಿಂದ ಬಂದವರು ಮಧ್ಯದಲ್ಲೇ ಎದ್ದು ಹೋಗುತ್ತಾರೆ. ಬೆಳಿಗ್ಗೆ ಹತ್ತೂವರೆಗೆ ಶುರು ಮಾಡಿ ನಾಲ್ಕಕ್ಕೆ ಮುಗಿಸಿ.

ಅನುಮತಿಯನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಅರ್ಜಿ ಬರೆದುಕೊಟ್ಟು ಸಹಿ ಹಾಕಿಸಿಕೊಳ್ಳಿ. ಹೊರಗೆ ಮೈಕ್ ಹಾಕುವುದಾದರೆ ಪೊಲೀಸರ ಅನುಮತಿ ಬೇಕು, ಹತ್ತು ಮೇಜಿಗೆ ಮೈಕ್ ಯಾಕೆ? ಫ್ಲೆಕ್ಸ್ ಹಾಕಬೇಡಿ. ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧ ಇದೆ. ಹಳೆಯ ಬಿಳಿ ಪಂಚೆಯ ಮೇಲೆ ಕೈಯಲ್ಲೇ ಬರೆದ ಬ್ಯಾನರ್ ಕಾಮಿಕ್ಸ್ ಸಂತೆಗೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಒಬ್ಬರಿಗೆ ಅರ್ಧ ಮೇಜು. ಮೇಜಿನ ಮೇಲೆ ಓದಿ ನೋಡಲು ಒಂದು ಪ್ರತಿ, ಅದಕ್ಕೆ ನೂಲು ಕಟ್ಟಿ 'ಓದಿ ನೋಡಿ' ಅಂತ ಬರೆಯಿರಿ. ಬೆಲೆ ದೊಡ್ಡದಾಗಿ ಕಾಣಲಿ. ನಾಚಿಕೆಯಿಂದ ಬೆಲೆ ಮುಚ್ಚಿಟ್ಟರೆ ಜನ ಕೇಳಲು ನಾಚಿ ಮುಂದೆ ಹೋಗುತ್ತಾರೆ. ಎಂಟು ಪುಟದ ಪುಸ್ತಕಕ್ಕೆ 20 ರೂಪಾಯಿ ಇಟ್ಟರೆ ಜೆರಾಕ್ಸ್ ಖರ್ಚು, ಬಸ್ ಚಾರ್ಜು ಹುಟ್ಟುತ್ತದೆ, ಶಾಲೆಯ ಮಗುವಿಗೂ ಕೊಳ್ಳಲಾಗುತ್ತದೆ. ಕ್ಯೂಆರ್ ಕೋಡ್ ಇರಲಿ, ಆದರೆ ನೆಟ್‌ವರ್ಕ್ ನಂಬಿ ಕೂರಬೇಡಿ. ಹತ್ತರ ನೋಟು ಇಪ್ಪತ್ತಾದರೂ ಚಿಲ್ಲರೆ ಇಟ್ಟುಕೊಳ್ಳಿ. ಇನ್ನೊಬ್ಬ ಚಿತ್ರಗಾರರು ಪುಸ್ತಕಕ್ಕೆ ಪುಸ್ತಕ ಬದಲು ಮಾಡೋಣ ಅಂದರೆ ಖುಷಿಯಿಂದ ಮಾಡಿ.

ಪುಸ್ತಕ ಮಾಡದವರಿಗೂ ಜಾಗ ಇರಬೇಕು. ಅದಕ್ಕೆ ಗೋಡೆ ಕಾಮಿಕ್ಸ್ ಬಹಳ ಒಳ್ಳೆಯ ದಾರಿ. ಶರದ್ ಶರ್ಮ ಅವರ ವರ್ಲ್ಡ್ ಕಾಮಿಕ್ಸ್ ಇಂಡಿಯಾ ಇದನ್ನು ದೇಶದ ಹಳ್ಳಿಹಳ್ಳಿಗಳಲ್ಲಿ ಕಲಿಸಿದೆ. ಎರಡು ಎ4 ಹಾಳೆ ಒಂದರ ಕೆಳಗೊಂದು ಅಂಟಿಸಿ, ಮೇಲೆ ಹೆಸರಿಗೆ ಜಾಗ ಬಿಟ್ಟು, ನಾಲ್ಕು ಚೌಕ ಎಳೆಯಿರಿ. ಮೊದಲ ಚೌಕದಲ್ಲಿ ಯಾರು, ಎಲ್ಲಿ. ಎರಡರಲ್ಲಿ ತೊಂದರೆ. ಮೂರರಲ್ಲಿ ತಿರುವು. ನಾಲ್ಕರಲ್ಲಿ ಮುಕ್ತಾಯ. ಚಿತ್ರ ಬರೆಯಲು ಬರುವುದಿಲ್ಲ ಅನ್ನುವವರೂ ಎರಡು ಗಂಟೆಯಲ್ಲಿ ಒಂದು ಮುಗಿಸುತ್ತಾರೆ. ಸಂತೆ ಮುಗಿದ ಮೇಲೆ ಕೇಳಿಕೊಂಡು ಬಸ್ ಸ್ಟ್ಯಾಂಡಿನಲ್ಲಿ, ರೇಷನ್ ಅಂಗಡಿಯಲ್ಲಿ, ಹಾಲಿನ ಡೈರಿಯಲ್ಲಿ ಅಂಟಿಸಬಹುದು.

ಸುಮ್ನೆ ಮೇಜು ಹಾಕಿ ಕೂತರೆ ಹನ್ನೆರಡು ಗಂಟೆಗೆ ಸಂತೆ ತಣ್ಣಗಾಗುತ್ತದೆ. ಏನಾದರೂ ನಡೆಯುತ್ತಿರಬೇಕು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಉದ್ದ ಹಾಳೆ. ಹತ್ತು ಚಾರ್ಟ್ ಪೇಪರ್ ಸಾಲಾಗಿ ಗೋಡೆಗೆ ಅಂಟಿಸಿ, ಚೌಕಗಳನ್ನು ಎಳೆದಿಡಿ. ಮೊದಲ ಚೌಕ ಒಬ್ಬರು ಬರೆಯುತ್ತಾರೆ. ಮುಂದೆ ಯಾರು ಬೇಕಾದರೂ ಬರೆಯಬಹುದು, ನಿಯಮ ಒಂದೇ: ಹಿಂದಿನ ಚೌಕದಿಂದ ಒಂದು ವಸ್ತು ತೆಗೆದುಕೊಂಡು ಮುಂದುವರಿಸಬೇಕು. ಎತ್ತರದಲ್ಲಿ ಒಂದು ಸಾಲು ದೊಡ್ಡವರಿಗೆ, ಕೆಳಗೆ ಒಂದು ಸಾಲು ಮಕ್ಕಳಿಗೆ. ದಪ್ಪ ಮಾರ್ಕರ್ ಇಟ್ಟು, ಗೋಡೆಗೆ ಬಣ್ಣ ಇಳಿಯದಂತೆ ಹಿಂದೆ ಹಳೆಯ ಪೇಪರ್ ಹಾಕಿ.

ಇನ್ನೊಂದು, ಗಟ್ಟಿಯಾಗಿ ಓದುವುದು. ಒಬ್ಬೊಬ್ಬರಿಗೆ ಏಳು ನಿಮಿಷ. ಚೌಕಗಳನ್ನು ಒಂದೊಂದಾಗಿ ಪರದೆಯ ಮೇಲೆ ತೋರಿಸುತ್ತಾ, ಬರೆದವರೇ ಎಲ್ಲ ಪಾತ್ರಗಳ ಮಾತು ಆಡಬೇಕು. ಕರೆಂಟ್ ಹೋಗುವುದನ್ನು ಲೆಕ್ಕಕ್ಕೆ ಹಿಡಿದುಕೊಂಡೇ ಇರಿ. ಮುಖ್ಯ ಪುಟಗಳನ್ನು ಎ3ಗೆ ದೊಡ್ಡದು ಮಾಡಿಸಿಟ್ಟರೆ ಇಬ್ಬರು ಎತ್ತಿ ಹಿಡಿಯಬಹುದು. ನಮ್ಮಲ್ಲಿ ಒಂದು ಸಲ ಹಾಗೆಯೇ ಆಯಿತು. ಕಿಟಕಿಯ ಪಕ್ಕ ಎಲ್ಲರೂ ಸೇರಿ ನಿಂತೆವು. ಅರೆಭಾಷೆಯಲ್ಲಿ ಬರೆದ ಕಥೆಯನ್ನು ಒಬ್ಬಳು ಓದುತ್ತಿದ್ದಾಗ, ಹಿಂದೆ ನಿಂತಿದ್ದ ಹಿರಿಯರೊಬ್ಬರು ಮುಂದಿನ ಮಾತನ್ನು ತಾವೇ ಹೇಳಿಬಿಟ್ಟರು. ಅದು ಚೌಕದಲ್ಲಿದ್ದ ಮಾತಿಗಿಂತ ಚೆನ್ನಾಗಿತ್ತು. ಎರಡನೇ ಮುದ್ರಣದಲ್ಲಿ ಅವಳು ಅದನ್ನೇ ಹಾಕಿಕೊಂಡಳು.

ಮಕ್ಕಳಿಗೆ ಹಾಳೆ ಮಡಚುವುದನ್ನು ಹೇಳಿಕೊಡಲು ನಲವತ್ತು ನಿಮಿಷ ಇಡಿ, ಊಟಕ್ಕೆ ಮೊದಲು. ಕತ್ತರಿ ಐದು ಸಾಕು, ಸರದಿಯಲ್ಲಿ ಬಳಸಲಿ.

ಸಂತೆ ಮುಗಿದ ಮೇಲೆ

ಹೊರಡುವ ಮೊದಲು ಪ್ರತಿ ಮೇಜಿನಿಂದ ಎರಡೆರಡು ಪ್ರತಿ ಕೇಳಿ ಪಡೆಯಿರಿ. ಒಂದು ಸೆಟ್ ಜಾಗ ಕೊಟ್ಟ ಗ್ರಂಥಾಲಯಕ್ಕೆ, ಇನ್ನೊಂದು ನಿಮ್ಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ. ಪುಟ್ಟ ಪುಸ್ತಕ ಕಪಾಟಿನಲ್ಲಿ ಕಳೆದುಹೋಗುತ್ತದೆ, ಹಾಗಾಗಿ ಒಂದು ರಟ್ಟಿನ ಡಬ್ಬಿಯಲ್ಲಿ ಹಾಕಿ, ಡಬ್ಬಿಯ ಮೇಲೆ ಊರು, ವರ್ಷ ಬರೆದು ಕೊಡಿ. ಬಂದವರ ಹೆಸರು, ಫೋನ್ ನಂಬರ್ ಬರೆದುಕೊಂಡ ಪುಸ್ತಕ ಇದ್ದರೆ ಅದನ್ನು ಯಾರಿಗೂ ಕೊಡಬೇಡಿ, ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ಉದ್ದ ಹಾಳೆಯನ್ನು ಚೌಕ ಚೌಕವಾಗಿ ಫೋಟೋ ತೆಗೆದು, ಎಲ್ಲರಿಗೂ ಕಳಿಸಿ.

ಉಳಿದ ಪ್ರತಿಗಳು ಮತ್ತು ಮೂಲ ಹಾಳೆಗಳನ್ನು ಮಳೆಗಾಲದಿಂದ ಉಳಿಸಿಕೊಳ್ಳಬೇಕು. ಮೇ ತಿಂಗಳ ಒಂದು ಒಳ್ಳೆಯ ಬಿಸಿಲಿನ ದಿನ ಎಲ್ಲವನ್ನೂ ಹೊರಗೆ ತೆಗೆದು, ನೆರಳಿನಲ್ಲಿ ಗಾಳಿಗೆ ಹರವಿ. ಬಿಸಿಲಿಗೆ ನೇರ ಇಟ್ಟರೆ ಕಾಗದ ಹಳದಿಯಾಗುತ್ತದೆ. ಸಂಜೆ ನಾಲ್ಕರ ಒಳಗೆ, ತೇವ ಇಳಿಯುವ ಮೊದಲು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಹಾಕಿ ಮುಚ್ಚಿ. ಮುಚ್ಚಳದ ಸುತ್ತ ಟೇಪ್ ಹಚ್ಚಿ, ಒಲೆ ಉರಿಯುವ ಅಡುಗೆಮನೆ ಇದ್ದರೆ ಅದರ ಮೇಲಿನ ಅಟ್ಟದಲ್ಲಿ ಇಡಿ. ನನ್ನದು ಅಲ್ಲೇ ಇದೆ, ಅಜ್ಜನ ಡೈರಿಗಳ ಪಕ್ಕ.